ಗೃಹಸುರೆಯೂ ಸಮಾಪಾನಕವೂ

ತರ್ಕವನ್ನಾಗಲಿ ವೇದಾಂತವನ್ನಾಗಲಿ ಪಾಠಶಾಲೆಯಲ್ಲಿ ಕ್ರಮವಾಗಿ ವ್ಯಾಸಂಗಮಾಡಿದವರೆಲ್ಲರೂ ‘ಕಿಣ್ವ’ವೆಂಬ ಶಬ್ದವನ್ನು ಬಲ್ಲರು. ಅದು ಚಾರ್ವಾಕನ ಪೂರ್ವಪಕ್ಷದಲ್ಲಿ ಬರತಕ್ಕದ್ದು. ಬಿಡಿಬಿಡಿಯಾಗಿ ಜಡವಾಗಿರುವ ನಾಲ್ಕು ಭೂತಗಳು ಒಂದುಗೂಡಿದ ಮಾತ್ರಕ್ಕೆ ಚೈತನ್ಯವು ಎಲ್ಲಿಂದ ಬಂದಿತೆಂದು ಕೇಳಿದರೆ, ಕಿಣ್ವವೇ ಮೊದಲಾದ ದ್ರವ್ಯಗಳು ಕೂಡಿದಾಗ ಅವುಗಳಲ್ಲಿ ಮೊದಲು ಕಾಣದಿದ್ದ ಮದಶಕ್ತಿಯು ಹೇಗೆ ತೋರುವುದೋ ಹಾಗೆ ಎಂಬುದು ಅವನ ಉತ್ತರ. ವಿಜಯನಗರದ ಮೊದಲ ಅರಸರ ಕಾಲದ ಮಾಧವಾಚಾರ್ಯನ ಸರ್ವದರ್ಶನಸಂಗ್ರಹದಲ್ಲಿ ಮೊದಲನೆಯ ಪ್ರಕರಣವೇ ಈ ಮತವನ್ನು ಕುರಿತದ್ದಾದುದರಿಂದ, ದರ್ಶನಗಳ ಅಧ್ಯಯನವು ಒಂದರ್ಥದಲ್ಲಿ ಕಿಣ್ವದಿಂದಲೇ ಪ್ರಾರಂಭವಾಗುವುದೆಂದು ಹೇಳಬಹುದು. ನಾವು ಓದುತ್ತಿದ್ದಾಗ ಸಹಾಧ್ಯಾಯಿಯೊಬ್ಬನು ಆ ಕಿಣ್ವವೆಂದರೇನೆಂದು ಕೇಳಿದನು. “ಸುರಾಬೀಜವಪ್ಪಾ, ಮುಂದಕ್ಕೆ ಓದು” ಎಂದು ಗುರುಗಳು ಅಪ್ಪಣೆಕೊಡಿಸಿದರು. ಆಮೇಲೆ ನಾನೂ ಪಾಠಹೇಳುವವನಾಗಿ ಎಷ್ಟೋ ವರ್ಷ ಇದೇ ಉತ್ತರವನ್ನು ಕೊಟ್ಟು ಪುಟ ತಿರುಗಿಸಿಕೊಂಡು ಬಂದಿದ್ದೇನೆ.

ಆದರೆ ಇಲ್ಲಿ ಒಂದು ವಿಷಯವನ್ನು ವಿಚಾರಿಸಬೇಕಾಗಿದೆ. ಲೌಕಿಕರಿಗೂ ಪರೀಕ್ಷಕರಿಗೂ ಯಾವ ಅರ್ಥದಲ್ಲಿ ಬುದ್ಧಿಯು ಸಮಾನವಾಗಿರುವುದೋ ಅದೇ ದೃಷ್ಟಾಂತವೆಂದು ಗೌತಮನು ಲಕ್ಷಣವನ್ನು ಹೇಳಿದ್ದಾನೆ. ವಾದಿಯೂ ಪ್ರತಿವಾದಿಯೂ ಬೀದಿಯಲ್ಲಿ ನಡೆಯುವವನೂ ಒಪ್ಪದಿರುವ ವಸ್ತುವು ದೃಷ್ಟಾಂತವಾಗಲಾರದು. ಪರ್ವತದಲ್ಲಿ ಬೆಂಕಿಯುಂಟೆಂಬುದಕ್ಕೆ ಅಡಿಗೆಯ ಮನೆಯನ್ನು ದೃಷ್ಟಾಂತವಾಗಿ ಕೊಡುವುದು ಅಡಿಗೆಯ ಮನೆಯು ಎಲ್ಲರಿಗೂ ತಿಳಿದಿರುವುದರಿಂದಲೇ. ಹಾಗಾದರೆ ಕಿಣ್ವವೂ ಒಂದು ಕಾಲದಲ್ಲಿ ಅಡಿಗೆಯ ಮನೆಯಷ್ಟೇ ಪರಿಚಿತವಾಗಿದ್ದಿರಬೇಕಲ್ಲವೆ? ಇಂದು ನಮ್ಮ ವಿಜ್ಞಾನದ ಪಾಠಪುಸ್ತಕಗಳಲ್ಲಿ ಜೀರ್ಣಕಾರಿಯಾದ ಎನ್ಜೈಮು ಎಂಬ ವಸ್ತುವಿಗೆ ಈ ಹೆಸರನ್ನೇ ಇಟ್ಟಿದ್ದಾರೆ. ಮಕ್ಕಳು ಅದನ್ನು ಬಾಯಿಪಾಠಮಾಡುತ್ತಾರೆ. ಮೂಲದ ಕಿಣ್ವವನ್ನು ಕಂಡವರು ಮಾತ್ರ ವಿದ್ವಾಂಸರಲ್ಲಿ ವಿರಳ.

ಪ್ರಾಚೀನರ ಪಾನವಿಷಯವನ್ನು ಕುರಿತು ಬರೆದವರಲ್ಲಿ ಎರಡು ಪಂಗಡಗಳನ್ನು ಕಾಣುತ್ತೇವೆ. ನಮ್ಮ ಹಿರಿಯರು ಇದನ್ನು ಮುಟ್ಟಿಯೇ ಇರಲಿಲ್ಲವೆಂದು ಒಂದು ಪಂಗಡವು ಸಾಧಿಸಹೊರಡುತ್ತದೆ. ಎಲ್ಲರೂ ಎಲ್ಲ ಕಾಲದಲ್ಲಿಯೂ ಕುಡಿದು ಬೀಳುತ್ತಿದ್ದರೆಂದು ಮತ್ತೊಂದು ಪಂಗಡವು ಹಾಸ್ಯಮಾಡುತ್ತದೆ. ಎರಡು ಕಡೆಯವರೂ ಗೋಷ್ಠಿಯೆಂಬ ಶಬ್ದವನ್ನು ಗಮನಿಸಿದಂತೆ ತೋರುವುದಿಲ್ಲ. ಮನೆಯಲ್ಲಿ ಕೈಯಾರ ಹುದುಗಿಸಿದ ಪೇಯವನ್ನು ಸಮಾನಶೀಲರಾದ ಗೆಳೆಯರು ಒಬ್ಬರ ಮನೆಯಲ್ಲೊಬ್ಬರು ಕಲೆತು, ರುಚಿನೋಡಿ, ಗುಣದೋಷಗಳನ್ನು ಮಾತನಾಡುವ ಪದ್ಧತಿಯು ಒಂದು ಕಲೆಯಾಗಿ, ನಿಯಮಗಳಿಗೆ ಒಳಪಟ್ಟು ನಡೆಯುತ್ತಿದ್ದಿತೆಂದು ನಂಬಲು ಸಾಕಷ್ಟು ಆಧಾರಗಳಿವೆಯೆಂದು ನನ್ನ ಅಲ್ಪಮತಿಗೆ ತೋರಿದೆ. ಅವುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಪಾನವನ್ನು ಸಮರ್ಥಿಸುವ ಉದ್ದೇಶವು ನನಗಿಲ್ಲವೆಂದು ಬೇರೆ ಹೇಳಬೇಕಾದುದಿಲ್ಲ.

ಮೊದಲು ವ್ಯಾಕರಣದ ಸಾಕ್ಷ್ಯವನ್ನು ನೋಡೋಣ. ವೈಯಾಕರಣರಿಗೆ ಯಾರನ್ನೂ ಹೊಗಳುವ ಗೊಡವೆಯಿಲ್ಲ, ತೆಗಳುವ ಗೊಡವೆಯೂ ಇಲ್ಲ. ಸೇನಾ, ಸುರಾ, ಛಾಯಾ, ಶಾಲಾ, ನಿಶಾ ಎಂಬ ಶಬ್ದಗಳು ಕೊನೆಯಲ್ಲಿರುವ ತತ್ಪುರುಷವು ವಿಕಲ್ಪವಾಗಿ ನಪುಂಸಕವಾಗುವುದೆಂದು ಪಾಣಿನಿಯು ವಿಧಿಸುತ್ತಾನೆ. ಸುರಾಶಬ್ದಕ್ಕೆ ಕಾಶಿಕಾವೃತ್ತಿಯು ಕೊಡುವ ಉದಾಹರಣೆಯು ಯವಸುರ, ಯವಸುರಾ ಎಂದು. ಯವೆಯಿಂದಾದ ಸುರೆಯೆಂದರೆ ಈಗ ಬಿಯರು ಎಂದು ಕರೆಯುವ ಪೇಯದ ಜಾತಿಯೇ. ಇನ್ನೊಂದೆಡೆಯಲ್ಲಿ, ಪಾನಶಬ್ದದ ನಕಾರವು ದೇಶವು ಗಮ್ಯವಾದಾಗ ಣಕಾರವಾಗುವುದೆಂಬ ವಿಧಿಗೆ ಬಂದಿರುವ ಉದಾಹರಣೆಗಳಲ್ಲಿ ಉಶೀನರರು ಹಾಲು ಕುಡಿಯುವವರು, ಪ್ರಾಚ್ಯರು ಸುರೆ ಕುಡಿಯುವವರು, ಬಾಹ್ಲೀಕರು ಸೌವೀರ ಕುಡಿಯುವವರು, ಗಾಂಧಾರರು ಕಷಾಯ ಕುಡಿಯುವವರು ಎಂದು ದೇಶಕ್ಕೊಂದು ಪೇಯವನ್ನು ಹೇಳಿದೆ. ಕಾಪಿಶಿಯೆಂಬ ಊರಿನ ಹೆಸರಿನಿಂದ ಕಾಪಿಶಾಯನವೆಂಬ ಮಧುವಿನ ಹೆಸರನ್ನು ಸಾಧಿಸಲು ಪ್ರತ್ಯೇಕ ಸೂತ್ರವೇ ಇದೆ. ಊರಿನ ಹೆಸರಿನಿಂದ ಪೇಯವನ್ನು ಗುರುತಿಸುವುದು ರುಚಿಭೇದವನ್ನು ಬಲ್ಲವರ ಲಕ್ಷಣ. ಕುಡಿದು ಮರೆಯುವವನಿಗೆ ಊರಿನ ಹೆಸರು ಏತಕ್ಕೆ?

ಇನ್ನು ತಯಾರಿಸುವ ಕ್ರಮ. ವೈದಿಕರಿಗೆ ಸೌತ್ರಾಮಣಿಯ ಪ್ರಸಂಗದಿಂದ ಇದು ಪರಿಚಿತವಾಗಿರಬೇಕು. ಶುಕ್ಲಯಜುರ್ವೇದದ ಸಂಹಿತೆಯ 19ನೆಯ ಅಧ್ಯಾಯವೂ ಶತಪಥಬ್ರಾಹ್ಮಣದ 12ನೆಯ ಕಾಂಡವೂ ಆ ಇಷ್ಟಿಗೆ ಸಂಬಂಧಿಸಿದವು. ಶಷ್ಪ, ತೋಕ್ಮ, ಲಾಜ, ನಗ್ನಹು ಎಂಬ ನಾಲ್ಕು ದ್ರವ್ಯಗಳು ಅಲ್ಲಿ ಬೇಕು. ಶಷ್ಪವೆಂದರೆ ಮೊಳೆತ ಬತ್ತ, ತೋಕ್ಮವೆಂದರೆ ಮೊಳೆತ ಯವೆ, ಲಾಜವು ಅರಳು, ನಗ್ನಹುವು ಹುದುಗೆಬ್ಬಿಸುವ ಚೂರ್ಣ. ಈ ಚೂರ್ಣಕ್ಕೆ ತ್ರಿಫಲೆ, ಶುಂಠಿ, ಪುನರ್ನವೆ, ಹಿಪ್ಪಲಿ ಮೊದಲಾದ ಬಹು ದ್ರವ್ಯಗಳನ್ನು ಭಾಷ್ಯಕಾರನಾದ ಮಹೀಧರನು ಎಣಿಸುತ್ತಾನೆ. ಇವೆಲ್ಲವನ್ನೂ ಅನ್ನದ ಗಂಜಿಯೊಡನೆ ಬೆರಸಿ ಮೂರು ರಾತ್ರಿ ಇಡಬೇಕು. ಧಾನ್ಯದಲ್ಲಿರುವ ಹಿಟ್ಟು ತಾನಾಗಿ ಮದಕಾರಿಯಾಗದು. ಅದು ಮೊದಲು ಸಕ್ಕರೆಯಾಗಬೇಕು, ಸಕ್ಕರೆಯು ಆಮೇಲೆ ಹುದುಗಬೇಕು. ಮೊಳಕೆ ಬರಿಸುವುದು ಹಿಟ್ಟನ್ನು ಸಕ್ಕರೆಮಾಡಲು ಒಂದು ಉಪಾಯ. ಐರೋಪ್ಯರು ಯವೆಯನ್ನು ಮೊಳೆಯಿಸಿ ಒಣಗಿಸಿ ‘ಮಾಲ್ಟು’ ಮಾಡುವುದೂ ಈ ಕಾರಣದಿಂದಲೇ.

ಸೌತ್ರಾಮಣಿಯಲ್ಲಿಯೇ ಈ ವಿಷಯದ ಸಂಕೋಚವೂ ಕಾಣುತ್ತದೆ. ಹೋಮಮಾಡಿ ಉಳಿದ ಸುರೆಯನ್ನು ಕುಡಿಯಲು ಒಬ್ಬ ಬ್ರಾಹ್ಮಣನನ್ನು ದ್ರವ್ಯಕೊಟ್ಟು ಗೊತ್ತುಮಾಡಬೇಕೆಂದೂ, ಅಂಥವನು ದೊರೆಯದಿದ್ದರೆ ಹುತ್ತದ ಮೇಲೆ ಸುರಿಯಬೇಕೆಂದೂ ತೈತ್ತಿರೀಯರಲ್ಲಿ ಹೇಳಿದೆ. ಮುಂದೆ ಧರ್ಮನಿಬಂಧಗಳಲ್ಲಿ ಸೌತ್ರಾಮಣಿಯ ಸುರಾಗ್ರಹಣವು ಕಲಿವರ್ಜ್ಯಗಳಲ್ಲಿ ಸೇರಿಹೋಯಿತು.

ಮೊಳಕೆಯ ದಾರಿಯಲ್ಲದೆ ಮತ್ತೊಂದು ದಾರಿಯೂ ಉಂಟು. ಅದೇ ಕಿಣ್ವದ ದಾರಿ. ಇದರ ವಿವರವು ನಮಗೆ ದೊರೆತುದು ಮೈಸೂರಿನ ಪುಣ್ಯದಿಂದ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಒಪ್ಪಿಸಿದ ಓಲೆಯ ಪ್ರತಿಯಲ್ಲಿ ಕೌಟಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚುಹಾಕಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಭಾಷಾಂತರವು ಗ್ರಂಥರೂಪದಲ್ಲಿ ಹೊರಬಂದಿತು. ರಾಜನೀತಿಯ ವಿಷಯದಲ್ಲಿ ಆ ಗ್ರಂಥವನ್ನು ಜರಡಿಯಾಡಿದಷ್ಟು, ಎರಡನೆಯ ಅಧಿಕರಣದ 25ನೆಯ ಅಧ್ಯಾಯವಾದ ಸುರಾಧ್ಯಕ್ಷವನ್ನು ನಮ್ಮವರು ಓದಲಿಲ್ಲ. ಅದು ಒಂದೆರಡು ಪುಟದ ಅಧ್ಯಾಯ. ಆದರೆ ಅದರಷ್ಟು ಗಟ್ಟಿಯಾದ ಆಧಾರವು ಈ ವಿಷಯದಲ್ಲಿ ಮತ್ತೊಂದಿಲ್ಲ.

ಅಲ್ಲಿ ಕಿಣ್ವದ ಲಕ್ಷಣವು ಹೀಗಿದೆ: ಉದ್ದಿನ ಕಲ್ಕವು ಒಂದು ದ್ರೋಣ, ಅದು ಹಸಿಯದಾಗಲಿ ಬೆಂದದ್ದಾಗಲಿ, ಅದಕ್ಕೆ ಮೂರರಲ್ಲೊಂದು ಪಾಲು ಹೆಚ್ಚಾಗಿ ಅಕ್ಕಿ, ಮೋರಟವೇ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಉದ್ದು ಮತ್ತು ಅಕ್ಕಿ! ಇದನ್ನು ಓದಿದ ಕೂಡಲೇ ಕನ್ನಡಿಗನಿಗೆ ಯಾವ ವಸ್ತುವು ನೆನಪಿಗೆ ಬರುವುದೆಂದು ಬೇರೆ ಹೇಳಬೇಕಾಗಿಲ್ಲ. ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬಂದಿದೆ. ಆದರೆ ಮುಂದೆ ಹೇಳಲಿರುವ ಮಾನಸೋಲ್ಲಾಸದ ಇಡ್ಡರಿಕೆಯು ಬರಿಯ ಉದ್ದಿನದು, ಅದರಲ್ಲಿ ಅಕ್ಕಿಯಿಲ್ಲ. ಆದಕಾರಣ ಕಿಣ್ವದಿಂದ ಇಡ್ಡಲಿಗೆಯು ಹುಟ್ಟಿತೆಂದು ಸಾಧಿಸುವ ಸಾಹಸವನ್ನು ನಾನು ಮಾಡುವುದಿಲ್ಲ. ಉದ್ದನ್ನು ರುಬ್ಬಿಟ್ಟರೆ ಹುದುಗುವುದೆಂಬ ಅನುಭವವು ಒಂದೇ. ಅದರ ಉಪಯೋಗವು ಎರಡು ಕಡೆಗೆ ಹರಿಯಿತೆಂದು ಹೇಳಿದರೆ ಸಾಕು.

ಮೇದಕವೆಂಬ ಪೇಯಕ್ಕೆ ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ಮೂರು ಪ್ರಸ್ಥ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣವೆಂಬ ಲೆಕ್ಕದಲ್ಲಿ ನೀರು 16, ಅಕ್ಕಿ 2, ಕಿಣ್ವ 3 ಎಂದಾಯಿತು. ಪ್ರಸನ್ನೆಗಾದರೆ ಹಿಟ್ಟು 12 ಆಢಕ, ಎಂದರೆ 48 ಪ್ರಸ್ಥ. ಅದಕ್ಕೆ ಕಿಣ್ವ 5 ಪ್ರಸ್ಥ ಮಾತ್ರ. ಒಂದರಲ್ಲಿ ಧಾನ್ಯಕ್ಕಿಂತ ಕಿಣ್ವವು ಹೆಚ್ಚು. ಇನ್ನೊಂದರಲ್ಲಿ ಹತ್ತರಲ್ಲೊಂದು ಪಾಲು ಸಹ ತುಸುವೇ ದಾಟುವುದು. ಇವೆರಡೂ ಒಂದೇ ಬಗೆಯ ‘ಹೆಂಡ’ವೆಂದು ಅರ್ಥಬರೆಯುವವರು ಈ ಅಂಕಿಗಳನ್ನು ನೋಡಬೇಕು. ಮೇದಕವು ಬೇಗ ಹುದುಗಿ ಬೇಗ ಕುಡಿಯಬೇಕಾದ ತೆಳು ಪೇಯವೆಂದೂ, ಪ್ರಸನ್ನೆಯು ಹೆಸರಿಗೆ ತಕ್ಕಂತೆ ಕಾದು ತಿಳಿಗೊಳಿಸತಕ್ಕ ಗಾಢ ಪೇಯವೆಂದೂ ನಾನು ಊಹಿಸುತ್ತೇನೆ. ಇವಲ್ಲದೆ ಬೇಲದ ಹಣ್ಣಿನ ಆಸವ, ವೈದ್ಯರ ಅರಿಷ್ಟ, ಬೆಲ್ಲ ಹಿಪ್ಪಲಿ ಮೆಣಸುಗಳ ಮೈರೇಯ, ದ್ರಾಕ್ಷಿಯ ಮಧು ಇವುಗಳನ್ನೂ ಹೇಳಿದೆ. ಮಾವಿನ ರಸವನ್ನು ಕೂಡಿಸಿದರೆ ಸಹಕಾರಸುರೆ. ರಸವು ಸಾಲದಾದರೆ ಐದು ಪಲ ಕಾಕಂಬಿಯನ್ನು ಕೂಡಿಸಬೇಕೆಂಬ ಸೂಚನೆಯು ರಾಜನೀತಿಜ್ಞನ ಬಾಯಿಂದ ಬಂದ ಮಾತಿನಂತಿಲ್ಲ. ಕೈಯಲ್ಲಿ ಸೌಟು ಹಿಡಿದವರಿಂದ ಕೇಳಿ ಬರೆದುಕೊಂಡಂತಿದೆ. ಸುರಾಕಿಣ್ವಗಳ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡತಕ್ಕದ್ದೆಂದು ಅದೇ ಅಧ್ಯಾಯದಲ್ಲಿರುವುದರಿಂದ, ಆ ಕೈಯು ಯಾರದೆಂದು ಊಹಿಸುವುದು ಕಷ್ಟವಲ್ಲ.

ಪ್ರಕೃತಕ್ಕೆ ಮುಖ್ಯವಾದುದು ಮನೆಯವರಿಗೆ ಕೊಟ್ಟಿರುವ ಅನುಮತಿ. ಸುರೆಯ ವ್ಯವಹಾರವೆಲ್ಲವೂ ಅಧ್ಯಕ್ಷನ ಅಧೀನವಾದುದಾದರೂ, ಕುಟುಂಬಿಗಳು ತಮ್ಮ ಮನೆಯ ಕಾರ್ಯಗಳಲ್ಲಿ ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ, ಬೇರೆಯದನ್ನೂ ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನ ಅಪ್ಪಣೆಯುಂಟು. ಅಪ್ಪಣೆಯಿಲ್ಲದೆ ಮಾಡಿದವರಿಗೆ ಹಬ್ಬವು ಮುಗಿಯುವವರೆಗೆ ದಿನವಹಿ ದಂಡ. ಗ್ರಾಮದಿಂದ ಸುರೆಯನ್ನು ಹೊರಗೆ ಒಯ್ಯಕೂಡದು. ಆದರೆ ಶುಚಿಯೆಂದು ಗೊತ್ತಾಗಿರುವವರು ಗುರುತುಹಾಕಿದ ಅಲ್ಪಪ್ರಮಾಣವನ್ನು, ಕುಡುಬದ ಕಾಲುಭಾಗದಿಂದ ಹಿಡಿದು ಒಂದು ಪ್ರಸ್ಥದವರೆಗೆ, ಒಯ್ಯಬಹುದು. ಈ ವಾಕ್ಯಕ್ಕೆ ಕೊಡಬೇಕಾದಷ್ಟು ಬೆಲೆಯನ್ನು ಯಾರೂ ಕೊಟ್ಟಂತೆ ಕಾಣುವುದಿಲ್ಲ. ವ್ಯಾಪಾರಕ್ಕೆ ಒಯ್ಯುವವನಿಗೆ ಒಂದು ಪ್ರಸ್ಥವು ಯಾವ ಲೆಕ್ಕ? ಕುಡುಬದ ಕಾಲುಭಾಗವಂತೂ ಮತ್ತೇರಿಸಿಕೊಳ್ಳಲಿಕ್ಕೂ ಸಾಲದು. ಅದು ರುಚಿಗೆ ಕೊಡುವ ಅಳತೆ. ಒಬ್ಬರು ಮಾಡಿದ್ದನ್ನು ಮತ್ತೊಬ್ಬರ ಮನೆಗೆ ಕೊಂಡೊಯ್ಯುವ ವಾಡಿಕೆಯಿದ್ದ ಹೊರತು ಇಷ್ಟು ಸಣ್ಣ ಅಳತೆಗಳನ್ನು ಶಾಸನದಲ್ಲಿ ಎಣಿಸುವ ಅಗತ್ಯವಿರಲಿಲ್ಲ. ಕೆಟ್ಟ ಸುರೆಯನ್ನು ಬೇರೆ ಕಡೆ ಮಾರಿಸಬೇಕು, ಇಲ್ಲವೆ ಆಳುಗಳಿಗೆ ಕೂಲಿಯಾಗಿಯೋ ಹಂದಿಗಳಿಗೆ ಮೇವಾಗಿಯೋ ಕೊಡಬೇಕೆಂದಿರುವುದರಿಂದ, ಕೆಟ್ಟದ್ದು ಒಳ್ಳೆಯದೆಂದು ರುಚಿನೋಡಿ ನಿರ್ಣಯಿಸುವವರಿದ್ದರೆಂಬುದೂ ಸಿದ್ಧವಾಯಿತು. ಆಳುಗಳನ್ನು ಹಂದಿಗಳೊಡನೆ ಒಂದೇ ಸಾಲಿನಲ್ಲಿಟ್ಟ ಈ ನಿರ್ಣಯವನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ. ಆದರೆ ಗ್ರಂಥದಲ್ಲಿರುವುದನ್ನು ಮರೆಮಾಚುವುದು ಲೇಖಕನ ಧರ್ಮವಲ್ಲ.

ಕುತೂಹಲಕ್ಕಾಗಿ ಇಂದಿನ ಸ್ಥಿತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 1963ರಲ್ಲಿ ಸ್ವಂತ ಉಪಯೋಗಕ್ಕಾಗಿ ಮನೆಯಲ್ಲಿ ಬಿಯರು ಮಾಡುವವರಿಗಿದ್ದ ಲೈಸೆನ್ಸನ್ನು ತೆಗೆದರು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 1978ರ ಶಾಸನದಿಂದ, ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್ನು, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ನು ಸುಂಕವಿಲ್ಲದೆ ಮಾಡಲು ಅವಕಾಶವಾಯಿತು, ಮಾರಕೂಡದು. ಆಮೇಲೆ ಅಲ್ಲಿ ಮನೆಬಿಯರಿನ ಹವ್ಯಾಸಿಗಳು ಸಂಘಗಳಾಗಿ ಕಲೆತು, ಒಬ್ಬರ ಸೀಸೆಯನ್ನು ಮತ್ತೊಬ್ಬರಿಗೆ ಕೊಟ್ಟು, ಬಣ್ಣ ಪರಿಮಳ ನೊರೆ ಕಹಿಗಳನ್ನು ವಿಮರ್ಶಿಸುವ ಕೂಟಗಳು ಬೆಳೆದಿವೆ. ಗೃಹಕಾರ್ಯಕ್ಕೆ ಅನುಮತಿ, ಪ್ರಮಾಣಕ್ಕೆ ಮಿತಿ, ಮಾರಾಟಕ್ಕೆ ತಡೆ: ಕೌಟಲ್ಯನ ಮನೋಧರ್ಮವೂ ಇದೇ. ನಮ್ಮಲ್ಲಾದರೋ 1965ರ ಕರ್ನಾಟಕದ ಅಬಕಾರಿ ಶಾಸನದ ಪ್ರಕಾರ ಲೈಸೆನ್ಸಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ.

ಅದಿರಲಿ. ಬೌದ್ಧರ ಜಾತಕಗಳಲ್ಲಿ ಸುರೆಯ ಉತ್ಪತ್ತಿಯನ್ನು ಹೇಳುವ ಕುಂಭಜಾತಕವೆಂಬ ಕಥೆಯುಂಟು. ಸುರನೆಂಬ ಕಾಶೀದೇಶದ ಬೇಡನು ಹಿಮವಂತದಲ್ಲಿ ಒಂದು ಮರವನ್ನು ಕಂಡನು. ಅದರ ಕವಲಿನ ಪೊಟರೆಯಲ್ಲಿ ಮಳೆಯ ನೀರು ನಿಂತಿತ್ತು. ಅಳಲೆ, ನೆಲ್ಲಿ, ಮೆಣಸು ಅದರೊಳಗೆ ಉದುರಿದ್ದವು. ಗಿಳಿಗಳು ತಂದ ಬತ್ತದ ಕಾಳುಗಳು ಅದರಲ್ಲಿ ಬಿದ್ದು ಬಿಸಿಲಿಗೆ ಕಾದು ನೀರು ಕೆಂಪಾಗಿದ್ದಿತು. ಅದನ್ನು ಕುಡಿದ ಹಕ್ಕಿಗಳು ಮರದ ಬುಡದಲ್ಲಿ ಬಿದ್ದು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಹಾರಿಹೋಗುತ್ತಿದ್ದವು. ವಿಷವಾಗಿದ್ದರೆ ಸಾಯುತ್ತಿದ್ದವೆಂದು ತಿಳಿದು ಬೇಡನು ತಾನೂ ಕುಡಿದನು. ಆಮೇಲೆ ಅವನು ಮಾಡಿದ್ದೇನು? ಹತ್ತಿರದಲ್ಲಿದ್ದ ವರುಣನೆಂಬ ತಾಪಸನ ನೆನಪಾಗಿ, ಬಿದಿರಿನ ಕೊಳವೆಯಲ್ಲಿ ಆ ಪೇಯವನ್ನು ತುಂಬಿಕೊಂಡು, ಸುಟ್ಟ ಮಾಂಸವನ್ನೂ ತೆಗೆದುಕೊಂಡು ಅವನ ಆಶ್ರಮಕ್ಕೆ ಹೋದನು. ಸುರನಿಂದ ಸುರಾ, ವರುಣನಿಂದ ವಾರುಣೀ ಎಂಬ ಹೆಸರುಗಳಾದುವಂತೆ. ನಿರ್ವಚನವು ಕಟ್ಟುಕಥೆಯೆಂಬುದು ಸ್ಪಷ್ಟ. ಕಥೆಯು ಮುಂದೆ ಪಾನವನ್ನು ಬಹುವಾಗಿ ನಿಂದಿಸುತ್ತದೆಂಬುದೂ ನಿಜ. ಆದರೆ ನಿಂದಿಸಹೊರಟ ಕಥಾಕಾರನಿಗೂ ಮೊದಲನೆಯ ಪಾನವು ಒಂಟಿಯಾಗಿ ಮುಗಿಯಲಿಲ್ಲ. ಅದು ಸ್ನೇಹಿತನ ಮನೆಯ ಬಾಗಿಲಿಗೆ ಹೋಯಿತು.

ವಾತ್ಸ್ಯಾಯನನ ಕಾಮಸೂತ್ರವನ್ನು ಸಾಮಾನ್ಯವಾಗಿ ಕ್ರಿ. ಶ. 3ನೆಯ ಶತಮಾನದ್ದೆಂದು ಎಣಿಸುತ್ತಾರೆ. ಅದರ ನಾಗರಕವೃತ್ತಪ್ರಕರಣದಲ್ಲಿ ನಗರವಾಸಿಯಾದ ಗೃಹಸ್ಥನು ಕಾಲಕಾಲಕ್ಕೆ ಮಾಡತಕ್ಕ ಐದು ವಿನೋದಗಳನ್ನು ಹೇಳಿದೆ: ಘಟಾನಿಬಂಧನ, ಗೋಷ್ಠೀಸಮವಾಯ, ಸಮಾಪಾನಕ, ಉದ್ಯಾನಗಮನ, ಸಮಸ್ಯಾಕ್ರೀಡೆ. ಸಮಾಪಾನಕದ ಲಕ್ಷಣವು ಒಬ್ಬರ ಮನೆಯಲ್ಲೊಬ್ಬರು ಕೂಡಿ ಕುಡಿಯುವುದು. ಮಧು, ಮೈರೇಯ, ಸುರೆ, ಆಸವಗಳು ನಾಲ್ಕೂ ಅಲ್ಲಿರಬೇಕು. ಜೊತೆಗೆ ಉಪ್ಪು, ಹಣ್ಣು, ಹಸಿರು ಸೊಪ್ಪು, ಕಹಿ, ಖಾರ, ಹುಳಿಗಳಾದ ಉಪದಂಶಗಳಿರಬೇಕು. ಉಪದಂಶವೆಂದರೆ ಗುಟುಕಿನ ನಡುವೆ ಕಚ್ಚಿಕೊಳ್ಳುವ ವಸ್ತು. ಒಂದು ಪೇಯದ ರುಚಿಯು ನಾಲಗೆಯಿಂದ ಹೋಗಿ ಮತ್ತೊಂದು ಪೇಯವು ಸರಿಯಾಗಿ ತಿಳಿಯಬೇಕಾದರೆ ನಡುವೆ ಇಂಥದು ಬೇಕೆಂಬುದು ಅನುಭವಸಿದ್ಧ. ಕೇವಲ ಮತ್ತಿಗಾಗಿ ಕುಡಿಯುವುದಾದರೆ ನಾಲ್ಕು ಬಗೆಯ ಪೇಯವೂ ಆರು ಬಗೆಯ ಉಪದಂಶವೂ ಅನಾವಶ್ಯಕವಲ್ಲವೆ? ವೇಶ್ಯೆಯರು ಮೊದಲು ಕುಡಿಸಿ ಆಮೇಲೆ ತಾವು ಕುಡಿಯಬೇಕೆಂದು ಸೂತ್ರದಲ್ಲಿರುವುದನ್ನು ಮುಂದುಮಾಡಿ ಇದು ಬರಿಯ ವಿಟಗೋಷ್ಠಿಯೆಂದು ಹೇಳುವವರುಂಟು. ವಿಟತನವು ಇರಲಿಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ಪಕ್ಕದಲ್ಲಿಯೇ ಹೇಳಿರುವ ಗೋಷ್ಠೀಸಮವಾಯದಲ್ಲಿ ಕಾವ್ಯಸಮಸ್ಯೆ ಕಲಾಸಮಸ್ಯೆಗಳನ್ನು ಕುರಿತ ಚರ್ಚೆಯೂ, ಅತಿಯಾಗಿ ಸಂಸ್ಕೃತವನ್ನಾಗಲಿ ಅತಿಯಾಗಿ ದೇಶಭಾಷೆಯನ್ನಾಗಲಿ ಆಡದೆ ಮಾತನಾಡಬೇಕೆಂಬ ನಿಯಮವೂ ಇವೆ. ಎರಡು ಕೂಟಗಳ ಜನರೂ ಒಂದೇ ವರ್ಗದವರು. ಹಗಲು ಕಾವ್ಯವನ್ನು ಅಳೆದ ನಾಲಗೆಯು ಇರುಳು ಆಸವವನ್ನು ಅಳೆಯದೆ ಬಿಟ್ಟೀತೆ?

ಇಲ್ಲಿ ಒಂದು ಆಕ್ಷೇಪಣೆಯುಂಟು. ಸಮಾಪಾನಕದ ಪೇಯಗಳು ಮನೆಯಲ್ಲಿಯೇ ಮಾಡಿದವೆಂದು ವಾತ್ಸ್ಯಾಯನನು ಹೇಳಿಲ್ಲ. ಅಂಗಡಿಯಿಂದ ತಂದವೂ ಆಗಿರಬಹುದು. ಈ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಅದೇ ಗ್ರಂಥವು ಎಣಿಸುವ 64 ಕಲೆಗಳಲ್ಲಿ ಪಾನಕ, ರಸ, ರಾಗ, ಆಸವಗಳನ್ನು ಯೋಜಿಸುವುದು ಒಂದು ಕಲೆಯಾಗಿದೆ. ಸಂಗೀತ ಚಿತ್ರಗಳೊಡನೆ ಆಸವಯೋಜನೆಯನ್ನು ಕಲಿಯಬೇಕೆಂದು ವಿಧಿಸುವವನು, ಆ ಕಲೆಯನ್ನು ಕಲಿತವರು ಅಂಗಡಿಯಿಂದಲೇ ತರಿಸುತ್ತಿದ್ದರೆಂದು ಭಾವಿಸಿರಲಾರನು. ಕೌಟಲ್ಯನ ಕುಟುಂಬಿಯ ಅನುಮತಿಯನ್ನೂ ಇದರೊಡನೆ ಇಟ್ಟು ನೋಡಿದರೆ, ಗ್ರಂಥಗಳ ಕಾಲವು ಬೇರೆಬೇರೆಯಾದರೂ, ಅನುಮಾನವು ನಿಲ್ಲುವುದೆಂದು ತೋರುತ್ತದೆ. ಇದು ಅನುಮಾನವೇ ಹೊರತು ಶಬ್ದಪ್ರಮಾಣವಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ವೈದ್ಯರ ಮತವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 84 ಆಸವಗಳನ್ನು ಎಣಿಸಿದೆ: ಧಾನ್ಯದಿಂದ 6, ಹಣ್ಣಿನಿಂದ 26, ಬೇರಿನಿಂದ 11, ಚೇಗಿನಿಂದ 20, ಹೂವಿನಿಂದ 10, ಕಾಂಡದಿಂದ 4, ಎಲೆಯಿಂದ 2, ತೊಗಟೆಯಿಂದ 4, ಸಕ್ಕರೆಯಿಂದ 1. ಧಾನ್ಯಾಸವಗಳು ಆರರಲ್ಲಿ ಸುರೆಯೂ ಮೇದಕವೂ ಬೇರೆಬೇರೆಯಾಗಿ ಬಂದಿವೆ. ಚಿಕಿತ್ಸಾಸ್ಥಾನದ ಮದಾತ್ಯಯಾಧ್ಯಾಯದಲ್ಲಿ ಪೇಯದ ಗುಣಕ್ಕಿಂತಲೂ ಜೊತೆಗಾರರ ಗುಣವನ್ನು ನೋಡಬೇಕೆಂಬ ಅಭಿಪ್ರಾಯವು ಕಾಣುತ್ತದೆ.

ಇನ್ನು ಕನ್ನಡನಾಡು. ನಮ್ಮ ಟೀಕಾಕಾರರು ಸುರೆ, ಮೈರೇಯ, ಆಸವ, ಸೀಧು ಎಲ್ಲಕ್ಕೂ ‘ಕಳ್’ ಎಂದೇ ಅರ್ಥಬರೆದು ಕೈತೊಳೆದುಕೊಳ್ಳುತ್ತಾರೆ. ಕಳ್ ಎಂಬುದು ಶುದ್ಧ ದ್ರಾವಿಡಶಬ್ದ. ತಮಿಳು ಮಲೆಯಾಳ ತೆಲುಗುಗಳಲ್ಲಿಯೂ ಇದೆ. ಅದು ಮುಖ್ಯವಾಗಿ ಈಚಲು ತಾಳೆ ತೆಂಗುಗಳ ರಸ. ಆ ರಸದಲ್ಲಿ ಸಕ್ಕರೆಯು ಮೊದಲೇ ಇರುವುದರಿಂದ ಮರದಿಂದಿಳಿಸಿದ ಕೆಲವು ಗಳಿಗೆಗಳಲ್ಲಿಯೇ ತಾನಾಗಿ ಹುದುಗುತ್ತದೆ. ಮೊಳಕೆಯೂ ಬೇಡ, ಕಿಣ್ವವೂ ಬೇಡ. ಸುರೆಗೆ ಕೈಗೆಲಸವೂ ಕಾಯುವಿಕೆಯೂ ಬೇಕು. ಸುರೆಯನ್ನು ಕಳ್ಳೆಂದು ಅನುವಾದಿಸಿದ ಮಾತ್ರಕ್ಕೆ ಆ ಕೈಗೆಲಸವೇ ನಮ್ಮ ಕಣ್ಣಿಗೆ ಕಾಣದೆ ಹೋಯಿತು.

ಮಹಾಕಾವ್ಯದಲ್ಲಿ ಮಧುಪಾನವನ್ನು ವರ್ಣಿಸಬೇಕೆಂದು ದಂಡಿಯು ಹೇಳಿದ್ದಾನಾದುದರಿಂದ, ನಮ್ಮ ಕವಿಗಳ ಪಾನಗೋಷ್ಠಿಗಳೆಲ್ಲವೂ ಕವಿಸಮಯವೇ ಹೊರತು ಜೀವನವಲ್ಲವೆಂದು ವಾದಿಸಬಹುದು. ಬಹುಮಂದಿ ಕವಿಗಳ ವಿಷಯದಲ್ಲಿ ನಾನೂ ಇದನ್ನೊಪ್ಪುತ್ತೇನೆ. ಪಂಪನ ವಿಷಯದಲ್ಲಿ ಒಪ್ಪಲಾರೆ. 941ರ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಮಧುದೇವತೆಯನ್ನು ಮಂತ್ರದಿಂದ ಅರ್ಚಿಸುವುದು, ಹಕ್ಕಿಗಳ ಆಕಾರದಲ್ಲಿ ಸಮೆದ ಸಿಪ್ಪುಗಳಲ್ಲಿ ತುಂಬುವುದು, ಮೊದಲು ನೆಲಕ್ಕೆ ಎರೆಯುವುದು ಎಂಬ ವಿವರಗಳು ದಂಡಿಯ ಪಟ್ಟಿಯಿಂದ ಬರತಕ್ಕವಲ್ಲ. ಮೊದಲ ತೊಟ್ಟನ್ನು ಭೂಮಿಗೆ ಕೊಡುವ ಆಚಾರವನ್ನು ಕವಿಯು ಎಲ್ಲಿಯೋ ಕಂಡಿರಬೇಕು. ಜೈನಕವಿಯಾದ ಅವನು ಇದನ್ನು ಮೆಚ್ಚಿ ಬರೆದನೋ ನಕ್ಕು ಬರೆದನೋ ಎಂಬುದು ಬೇರೆಯ ಪ್ರಶ್ನೆ. ಅವನಿಗಿಂತ ಹಿಂದೆ, ಅಮೋಘವರ್ಷನ ಕಾಲದ ಜಿನಸೇನಾಚಾರ್ಯರಿಗೆ ಭೋಗಭೂಮಿಯ ಮದ್ಯಾಂಗವೆಂಬ ಕಲ್ಪವೃಕ್ಷವು ತೊಡಕಾಯಿತು. ಮದ್ಯವು ಶ್ರಾವಕರಿಗೆ ನಿಷಿದ್ಧ. ಆದರೆ ಪರಂಪರೆಯು ಎಣಿಸಿದ ಹತ್ತು ವೃಕ್ಷಗಳಲ್ಲಿ ಇದೊಂದು. ಅದರಿಂದ ಬರುವ ರಸವು ನಿಜವಾದ ಮದ್ಯವಲ್ಲ, ಸಾದೃಶ್ಯದಿಂದ ಹಾಗೆ ಕರೆಯುವರೆಂದು ಆದಿಪುರಾಣದಲ್ಲಿ ಅವರು ಸಮಾಧಾನ ಹೇಳಿದರು. ಈ ಸಮಾಧಾನವನ್ನು ಹೇಳುವಾಗಲೂ ಮಧು, ಮೈರೇಯ, ಸೀಧು, ಅರಿಷ್ಟ, ಆಸವಗಳನ್ನು ಬೇರೆಬೇರೆಯಾಗಿ ಹೆಸರಿಸುವುದನ್ನು ಅವರು ಬಿಡಲಿಲ್ಲ. ಕುಡಿಯದವರಿಗೂ ಭೇದವು ತಿಳಿದಿತ್ತು.

ಕಲ್ಯಾಣದ ಚಾಲುಕ್ಯರ ಆಸ್ಥಾನಕ್ಕೆ ಬಂದರೆ ಈ ವಿಚಾರವು ಬಹು ಸ್ವಾರಸ್ಯವಾಗುತ್ತದೆ. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಸುರಾಪಾನವು ಮಹಾಪಾತಕಗಳಲ್ಲೊಂದು. ಆದರೆ ಸುರೆಯೆಂದರೇನು? ಮನುವು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರನ್ನು ಹೇಳಿ ಮೂರನ್ನೂ ದ್ವಿಜೋತ್ತಮರಿಗೆ ನಿಷೇಧಿಸಿದನು. ವಿಜ್ಞಾನೇಶ್ವರನು ಸೂಕ್ಷ್ಮವಾಗಿ ವಿಚಾರಮಾಡಿ, ಸುರಾಶಬ್ದಕ್ಕೆ ಮುಖ್ಯಾರ್ಥವು ಪೈಷ್ಟಿ, ಎಂದರೆ ಹಿಟ್ಟಿನಿಂದಾದುದು, ಎಂದು ನಿರ್ಣಯಿಸುತ್ತಾನೆ. ಪೈಷ್ಟಿಯು ಮೂರು ವರ್ಣದವರಿಗೂ ನಿಷಿದ್ಧ. ಬೆಲ್ಲದ್ದೂ ಮಧುವಿನದೂ ಬ್ರಾಹ್ಮಣನಿಗೆ ಮಾತ್ರ ನಿಷಿದ್ಧ. ಹಲಸು, ದ್ರಾಕ್ಷಿ, ಖರ್ಜೂರ, ತಾಳೆ, ಕಬ್ಬು, ತೆಂಗು ಮೊದಲಾದವುಗಳ ಹನ್ನೊಂದು ಮದ್ಯಗಳನ್ನು ಎಣಿಸಿ ಸುರೆಯನ್ನು ಹನ್ನೆರಡನೆಯದಾಗಿಯೂ ಎಲ್ಲಕ್ಕಿಂತ ಅಧಮವಾಗಿಯೂ ಹೇಳುವ ಪುಲಸ್ತ್ಯವಚನವನ್ನೂ ಅವನು ಎತ್ತಿಕೊಂಡಿದ್ದಾನೆ. ಅನ್ನದ ಮಲವೇ ಸುರೆಯೆಂಬ ಸ್ಮೃತಿವಾಕ್ಯದ ತಾತ್ಪರ್ಯವು ಇದೇ: ಉಣ್ಣಬೇಕಾದ ಧಾನ್ಯವನ್ನು ಹುದುಗಿಸುವುದು ತಪ್ಪು, ಮರದ ರಸಕ್ಕೆ ಆ ದೋಷವಿಲ್ಲ. ಬರಗಾಲವನ್ನು ಕಂಡ ನಾಡಿನಲ್ಲಿ ಈ ತಾರತಮ್ಯವು ಅರ್ಥವಿಲ್ಲದ್ದೆಂದು ಯಾರು ಹೇಳುವರು?

ಆ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರ. 1129ರ ಸುಮಾರಿನಲ್ಲಿ ಅವನು ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ, ನೂರು ಅಧ್ಯಾಯಗಳ ಗ್ರಂಥ. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರ ಕೊನೆಯದಾದ ಕ್ರೀಡಾವಿಂಶತಿಯಲ್ಲಿ ಉಯ್ಯಾಲೆ, ಬೆಳುದಿಂಗಳು, ಒಗಟು, ಚದುರಂಗಗಳ ಸಾಲಿನಲ್ಲಿ ಮದಿರಾಪಾನಕ್ರೀಡೆಗೂ ಒಂದು ಅಧ್ಯಾಯವುಂಟು. ತಂದೆಯ ಆಸ್ಥಾನದಲ್ಲಿ ಮಹಾಪಾತಕವೆಂದು ವಿಭಾಗಿಸಿದ್ದನ್ನು ಮಗನು ಆಟವೆಂದು ವಿಭಾಗಿಸಿದನು. ನಡುವೆ ಕಳೆದುದು ಒಂದು ತಲೆಮಾರು ಮಾತ್ರ. ಇದರಿಂದ ಧರ್ಮಶಾಸ್ತ್ರವನ್ನು ಯಾರೂ ಲಕ್ಷ್ಯಮಾಡುತ್ತಿರಲಿಲ್ಲವೆಂದು ಹೇಳುವುದು ಅವಿಚಾರ. ವಿಜ್ಞಾನೇಶ್ವರನ ನಿರ್ಣಯದಂತೆ ಕ್ಷತ್ರಿಯನ ಆಟಕ್ಕೆ ಹನ್ನೊಂದು ಮದ್ಯಗಳು ಉಳಿದೇ ಇದ್ದುವು. ಹೋದದ್ದು ಹನ್ನೆರಡನೆಯದು. ಕುಟುಂಬಿಯ ಶ್ವೇತಸುರೆಯು ಗ್ರಂಥಗಳಿಂದ ಮರೆಯಾಗಿ, ಅರಮನೆಯ ಮದಿರೆಯೂ ಬೀದಿಯ ಕಳ್ಳೂ ಉಳಿದುವೆಂದು ತೋರುತ್ತದೆ. 2021ರಲ್ಲಿ ಈ ವಿಷಯವನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಜೇಮ್ಸ್ ಮೆಕ್‌ಹ್ಯೂ ಎಂಬ ವಿದ್ವಾಂಸರು ಸುರೆಯ ಧಾನ್ಯಮೂಲವನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ. ಆಸಕ್ತರು ಅದನ್ನು ನೋಡಬಹುದು.

ಸೋಮೇಶ್ವರನ ಕಾಲಕ್ಕೆ ಒಂದೆರಡು ತಲೆಮಾರಿನ ಈಚೆಗೆ ಅದೇ ಕಲ್ಯಾಣದಲ್ಲಿ ಹೆಂಡ ಮಾರುವುದನ್ನೇ ಕಾಯಕವಾಗಿ ಉಳ್ಳವನೊಬ್ಬನು ಶರಣರಲ್ಲಿ ಸೇರಿದನು. ಧರ್ಮೇಶ್ವರಲಿಂಗವೆಂಬ ಅಂಕಿತದ ಆ ಹೆಂಡದ ಮಾರಯ್ಯನು ತನ್ನ ಕಾಯಕದ ಮಾತುಗಳಿಂದಲೇ ವಚನಗಳನ್ನು ಹೇಳಿದ್ದಾನೆ. ಅವನು ಮಾರುತ್ತಿದ್ದುದು ಮರದ್ದೋ ಧಾನ್ಯದ್ದೋ ಎಂಬುದನ್ನು ಆ ವಚನಗಳ ಪರಿಭಾಷೆಯಿಂದ ಬಲ್ಲವರು ನಿರ್ಣಯಿಸಿದರೆ ಈ ವಿಚಾರಕ್ಕೆ ಬಹಳ ಉಪಕಾರವಾದೀತು. ಧಾನ್ಯದ ಕೈಗೆಲಸವಂತೂ ದೇಶದಿಂದ ಪೂರ್ತಿಯಾಗಿ ಹೋಗಿಲ್ಲ. ಸಂತಾಲರ ಹಂಡಿಯಾ ಅಕ್ಕಿಯದು. ಅದಕ್ಕೆ ಮೂಲಿಕೆಗಳನ್ನು ಸೇರಿಸಿದ ಬಾಖರವೆಂಬ ಉಂಡೆಯೇ ಕಿಣ್ವ. ಸಿಕ್ಕಿಮಿನಲ್ಲಿ ರಾಗಿಯನ್ನು ಬೇಯಿಸಿ ಹುದುಗಿಸಿ, ತೋಂಗ್ಬಾ ಎಂಬ ಪಾತ್ರೆಯಲ್ಲಿ ತುಂಬಿ, ಬಿಸಿನೀರೆರೆದು, ಬಿದಿರಿನ ಸಣ್ಣ ಕೊಳವೆಯಿಂದ ಹೀರುತ್ತಾರೆ; ಬಂದ ಅತಿಥಿಗೂ ಒಂದು ಪಾತ್ರೆಯನ್ನು ಮುಂದಿಡುತ್ತಾರೆ. ನಮ್ಮ ಮುದ್ದೆಯ ರಾಗಿಯೇ ಅದು.